ಅಮ್ಮನ ಫೋನ್ ಮಗುವಿನ ಕೈಗೆ ಹೋಗುವ ಮುನ್ನ

ಮಗುವಿಗೆ ಯಾವ ವಯಸ್ಸಿಗೆ ಫೋನ್ ಕೊಡಿಸಬೇಕು ಎಂದು ಅಪ್ಪ ಅಮ್ಮ ಇನ್ನೂ ಯೋಚಿಸುತ್ತಲೇ ಇರುತ್ತಾರೆ. ಅಷ್ಟರಲ್ಲಿ ಅಮ್ಮನ ಫೋನಿನ ಪ್ಯಾಟರ್ನ್ ಮಗುವಿಗೆ ಬಾಯಿಪಾಠ ಆಗಿರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಮಗುವಿನ ಫೋನ್ ಅಂತ ಬೇರೆ ಇರುವುದಿಲ್ಲ. ಬ್ಯಾಂಕಿನ ಓಟಿಪಿ, ನೆಂಟರ ಗ್ರೂಪಿನ ವಿಡಿಯೊ, ನಾಳಿನ ಗಣಿತದ ಹೋಮ್‌ವರ್ಕ್ ಎಲ್ಲವೂ ಒಂದೇ ಫೋನಿಗೆ ಬರುತ್ತವೆ. ಆದರೆ ಸುರಕ್ಷತೆಯ ಸಲಹೆಗಳು ಮಾತ್ರ ಮಗುವಿಗೆ ಪ್ರತ್ಯೇಕ ಫೋನ್ ಇದೆ ಎಂದುಕೊಂಡೇ ಹೊರಡುತ್ತವೆ. ಹಾಗಾಗಿ ಇಲ್ಲಿ ಹಂಚಿಕೊಂಡ ಫೋನಿನಿಂದಲೇ ಶುರು ಮಾಡೋಣ.

ಸೆಟ್ಟಿಂಗ್ ಕೆಲಸಕ್ಕೆ ಒಂದು ಭಾನುವಾರದ ಮಧ್ಯಾಹ್ನ ಸಾಕು. ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕದ್ದುಮುಚ್ಚಿ ಹಾಕಿದ ಲಾಕ್ ತೆಗೆಯುವುದನ್ನು ಕ್ಲಾಸಿನಲ್ಲಿ ಯಾರಾದರೂ ಹೇಳಿಕೊಟ್ಟೇ ಕೊಡುತ್ತಾರೆ. ಯಾಕೆ ಹಾಕಿದ್ದೀರಿ ಎಂದು ಗೊತ್ತಿದ್ದರೆ ಜಗಳ ಕಡಿಮೆ.

1. ಮೊದಲು ದುಡ್ಡಿನ ಕಡೆ ನೋಡಿ

ಫೋನ್ ಲಾಕ್ ತೆಗೆಯುವ ನಂಬರ್ ಮತ್ತು ಯುಪಿಐ ಪಿನ್ ಎರಡೂ ಒಂದೇ ಆಗಿದ್ದರೆ ಇವತ್ತೇ ಬದಲಾಯಿಸಿ. ಫೋನ್ ತೆಗೆಯಲಿ ಅಂತ ಮಗುವಿನ ಬೆರಳಚ್ಚು ಸೇರಿಸಿದ್ದೀರಾ? ಅದನ್ನು ಅಳಿಸಿ. ಗೂಗಲ್ ಪೇ, ಫೋನ್‌ಪೇ ಮುಂತಾದವನ್ನು ತೆರೆಯುವಾಗಲೇ ಲಾಕ್ ಕೇಳುವ ಹಾಗೆ ಮಾಡಬಹುದು. ಯುಪಿಐ ಲೈಟ್ ಆನ್ ಮಾಡಿದ್ದರೆ ನೆನಪಿಡಿ, ಅದರಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಕೇಳುವುದೇ ಇಲ್ಲ. ಮಗು ದಿನಾ ಮುಟ್ಟುವ ಫೋನಿಗೆ ಅದು ಬೇಡ.

ಆಮೇಲೆ ಪ್ಲೇ ಸ್ಟೋರ್. ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಸೆಟ್ ಮಾಡಿ. ಆಟದ ಒಳಗೆ ಮಾರುವ ಡೈಮಂಡು, ಸ್ಕಿನ್ನು, ಬಟ್ಟೆಬರೆ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಯುಪಿಐ ಆ್ಯಪಿನಲ್ಲಿ ಆಟೊಪೇ ಎಂಬ ಪಟ್ಟಿ ಇರುತ್ತದೆ, ಅದನ್ನೂ ಒಮ್ಮೆ ತೆರೆದು ನೋಡಿ. ಪುಕ್ಕಟೆ ಟ್ರಯಲ್ ಎಂದು ಒಪ್ಪಿಕೊಂಡಿದ್ದು ತಿಂಗಳು ತಿಂಗಳು ದುಡ್ಡು ಎಳೆಯುತ್ತಾ ಅಲ್ಲಿ ಕೂತಿರಬಹುದು. ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು.

ಊಟದ ಹೊತ್ತಿಗೆ ಒಂದೇ ಒಂದು ವಿಡಿಯೊ ತೋರಿಸಬೇಕಾದಾಗ ಆಂಡ್ರಾಯ್ಡ್‌ನ ಆ್ಯಪ್ ಪಿನ್ನಿಂಗ್ ಬಳಸಿ. ಸೆಕ್ಯೂರಿಟಿ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಐಫೋನಿನಲ್ಲಿ ಅದೇ ಕೆಲಸಕ್ಕೆ ಗೈಡೆಡ್ ಆಕ್ಸೆಸ್ ಇದೆ. ಹೊರಬರಲು ಲಾಕ್ ನಂಬರ್ ಕೇಳುವ ಹಾಗೆ ಸೆಟ್ ಮಾಡಿದರೆ, ಅದನ್ನು ಹಾಕದೆ ಮಗು ಆ ಆ್ಯಪ್ ಬಿಟ್ಟು ಬೇರೆಲ್ಲೂ ಹೋಗಲು ಆಗುವುದಿಲ್ಲ. ಇಷ್ಟು ಉಪಯೋಗದ ಸೌಲಭ್ಯ, ಯಾರೂ ಬಳಸುವುದಿಲ್ಲ ನೋಡಿ.

2. ಯೂಟ್ಯೂಬ್, ವಾಟ್ಸ್ಯಾಪ್

ಚಿಕ್ಕ ಮಕ್ಕಳಿಗೆ ಯೂಟ್ಯೂಬ್ ಕಿಡ್ಸ್ ಆ್ಯಪ್ ಹಾಕಿ. ಅದರಲ್ಲೂ ನೀವೇ ಆರಿಸಿದ ಚಾನೆಲ್ ಮಾತ್ರ ಕಾಣಿಸುವ ಆಯ್ಕೆ ಇದೆ, ಅದು ಒಳ್ಳೆಯದು. ಮಾಮೂಲಿ ಯೂಟ್ಯೂಬೇ ಬೇಕು ಎನ್ನುವ ವಯಸ್ಸಾದರೆ ದೊಡ್ಡವರ ವಿಡಿಯೊಗಳನ್ನು ಸೋಸುವ ರಿಸ್ಟ್ರಿಕ್ಟೆಡ್ ಮೋಡ್ ಆನ್, ಒಂದು ಮುಗಿದ ಕೂಡಲೇ ಇನ್ನೊಂದು ಶುರುವಾಗುವ ಆಟೊಪ್ಲೇ ಆಫ್. ಎಷ್ಟು ಹೊತ್ತು ನೋಡಬಹುದು ಎಂಬುದಕ್ಕೆ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದು ಹೀಗೆ: 2 ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, ಯಾವಾಗಲಾದರೂ ಅಜ್ಜಿ ತಾತನ ಜೊತೆ ವಿಡಿಯೊ ಕಾಲ್ ಬಿಟ್ಟು. 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. 5ರಿಂದ 10ರವರೆಗೆ 2 ಗಂಟೆಗಿಂತ ಕಡಿಮೆ.

ವಾಟ್ಸ್ಯಾಪಿನಲ್ಲಿ ಎರಡು ಕೆಲಸ ಮಾಡಿ. ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ. ಆಗ ದೊಡ್ಡವರ ಗ್ರೂಪಿನ ಆಕ್ಸಿಡೆಂಟ್ ವಿಡಿಯೊ, ಹಳಸಿದ ಜೋಕು ಗ್ಯಾಲರಿಗೆ ಬಂದು ಕೂರುವುದಿಲ್ಲ. ಮಕ್ಕಳು ಅಂಥದ್ದನ್ನು ಮೊದಲು ನೋಡುವುದು ಯಾವುದೋ ಕೆಟ್ಟ ವೆಬ್‌ಸೈಟಿನಲ್ಲೇ ಆಗಬೇಕಿಲ್ಲ. ಮಾವಂದಿರ ಫಾರ್ವರ್ಡ್ ಸಾಕು.

3. ಸ್ವಂತ ಫೋನ್ ಬಂದ ದಿನ

ಸಾಮಾನ್ಯವಾಗಿ ಅಪ್ಪ ಹೊಸದು ತಗೊಂಡಾಗ ಹಳೆಯದು ಮಗುವಿನ ಪಾಲಿಗೆ ಬರುತ್ತದೆ. ಹಾಗೇ ಕೊಡಬೇಡಿ. ಅದರಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರಿಸೆಟ್ ಮಾಡಿ. ಇಲ್ಲದಿದ್ದರೆ ಅಪ್ಪನ ಗೂಗಲ್ ಅಕೌಂಟ್, ಅಪ್ಪನ ವಯಸ್ಸು ಎಲ್ಲ ಅದರಲ್ಲೇ ಇರುತ್ತದೆ. ಅಂತರ್ಜಾಲದ ಲೆಕ್ಕದಲ್ಲಿ ನಿಮ್ಮ ಆರನೇ ಕ್ಲಾಸಿನ ಹುಡುಗನಿಗೆ 42 ವರ್ಷ!

ರಿಸೆಟ್ ಆದ ಮೇಲೆ ಮಗುವಿನ ಹೆಸರಲ್ಲಿ ಅಕೌಂಟ್ ತೆರೆದು ಗೂಗಲ್‌ನ ಫ್ಯಾಮಿಲಿ ಲಿಂಕ್‌ಗೆ ಸೇರಿಸಿ. ಯಾವ ಆ್ಯಪ್ ಹಾಕಬೇಕಾದರೂ ನಿಮ್ಮ ಫೋನಿಗೆ ಅನುಮತಿ ಕೇಳುತ್ತದೆ. ರಾತ್ರಿ ಇಷ್ಟು ಗಂಟೆಗೆ ಫೋನ್ ಲಾಕ್ ಆಗಲಿ ಎಂದು ಸೆಟ್ ಮಾಡಬಹುದು. ದುಡ್ಡಿಲ್ಲ, ಉಚಿತ.

ಹುಟ್ಟಿದ ದಿನಾಂಕ ಸುಳ್ಳು ಹಾಕಬೇಡಿ. ಎಷ್ಟೋ ಸಲ ಈ ಸುಳ್ಳನ್ನು ಕಲಿಸಿಕೊಡುವವರು ನಾವೇ, ಅಲ್ವಾ? ವಾಟ್ಸ್ಯಾಪ್, ಇನ್‌ಸ್ಟಾಗ್ರಾಂ ಎರಡಕ್ಕೂ 13 ವರ್ಷ ತುಂಬಿರಬೇಕು. ಇನ್‌ಸ್ಟಾಗ್ರಾಂ ಭಾರತದಲ್ಲಿ 2025ರ ಫೆಬ್ರವರಿಯಿಂದ ಹದಿಹರೆಯದವರಿಗೆ ಬೇರೆ ಥರದ ಅಕೌಂಟ್ ತಂದಿದೆ. ಅದು ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡಲು ಆಗುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. 16ರೊಳಗಿನವರು ಇದನ್ನು ಸಡಿಲ ಮಾಡಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. 18 ಆಗಿದೆ ಎಂದು ಹಾಕಿದರೆ ಇದೆಲ್ಲ ಕೈಬಿಟ್ಟ ಹಾಗೇ.

4. ಇನ್ನು ಮಾತು

ಇಲ್ಲಿಯವರೆಗಿನದು ಸುಲಭದ ಭಾಗ. ಮಕ್ಕಳು ತೊಂದರೆಗೆ ಸಿಕ್ಕಿದಾಗ ಮನೆಯಲ್ಲಿ ಯಾಕೆ ಹೇಳುವುದಿಲ್ಲ? ಬೈಗುಳಕ್ಕೆ ಹೆದರಿ ಅಂತ ನಾವು ಅಂದುಕೊಳ್ಳುತ್ತೇವೆ. ಅದಕ್ಕಿಂತ ಜಾಸ್ತಿ ಹೆದರುವುದು ಫೋನ್ ಕಿತ್ತುಕೊಳ್ಳುತ್ತಾರೆ ಅಂತ. ಮೋಸ ಮಾಡುವವರಿಗೂ ಇದು ಚೆನ್ನಾಗಿ ಗೊತ್ತು. ಅವರ ಆಟವೆಲ್ಲ ನಿಂತಿರುವುದೇ ಮಗು ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂಬ ನಂಬಿಕೆಯ ಮೇಲೆ.

ಹಾಗಾಗಿ ಮೊದಲೇ ಮಾತು ಕೊಡಿ: "ಏನೇ ಆಗ್ಲಿ ಬಂದು ಹೇಳು. ಹೇಳಿದ್ದಕ್ಕೆ ಫೋನ್ ಕಿತ್ಕೊಳ್ಳಲ್ಲ." ಕೊಟ್ಟ ಮೇಲೆ ಉಳಿಸಿಕೊಳ್ಳಿ. ಒಂದು ಸಲ ತಪ್ಪಿದರೆ ಎರಡನೇ ಸಲ ಮಗು ಬರುವುದಿಲ್ಲ. ಕದ್ದು ಚಾಟ್ ಓದುವ ಆ್ಯಪ್‌ಗಳನ್ನು ನಾನು ಶಿಫಾರಸು ಮಾಡದಿರುವುದೂ ಇದಕ್ಕೇ. ಸಿಕ್ಕಿಬಿದ್ದ ದಿನ ನೀವು ಕಳೆದುಕೊಳ್ಳುವುದು ಜಾಸ್ತಿ.

ಅಪರಿಚಿತರು ಹತ್ತಿರವಾಗುವ ದಾರಿಯನ್ನು ಮಗುವಿಗೆ ಬಿಡಿಸಿ ಹೇಳಿ. ಸುಮ್ನೆ "ಹುಷಾರಾಗಿರು" ಅಂದರೆ ಏನೂ ಗೊತ್ತಾಗುವುದಿಲ್ಲ. ಆನ್‌ಲೈನ್ ಆಟದಲ್ಲಿ ಜೊತೆ ಆಡುವವನೊಬ್ಬ ಚೆನ್ನಾಗಿ ಮಾತಾಡುತ್ತಾನೆ. ಫ್ರೀ ಡೈಮಂಡ್ ಕೊಡುತ್ತೇನೆ ಎನ್ನುತ್ತಾನೆ. ಇಲ್ಲಿ ಬೇಡ, ಟೆಲಿಗ್ರಾಂಗೆ ಬಾ ಎಂದು ಕರೆಯುತ್ತಾನೆ. ಆಮೇಲೆ ಒಂದು ಫೋಟೊ ಕೇಳುತ್ತಾನೆ. ಮನೇಲಿ ಹೇಳಬೇಡ ಎಂದೂ ಸೇರಿಸುತ್ತಾನೆ. ಈ ಕೊನೆಯ ಮಾತು ಬಂದ ತಕ್ಷಣ ಮಗು ಎದ್ದು ನಿಮ್ಮ ಹತ್ತಿರ ಬರಬೇಕು. ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ. ಹುಡುಗರ ತಂದೆ ತಾಯಿ ಇದು ಹುಡುಗಿಯರ ವಿಷಯ ಎಂದುಕೊಳ್ಳಬೇಡಿ. ಫೋಟೊ ಹಿಡಿದು ದುಡ್ಡು ಕೇಳುವವರು ಹುಡುಗರನ್ನೂ ಬಿಡುವುದಿಲ್ಲ.

ದುಡ್ಡು ಕಟ್ಟಿ ಗೆಲ್ಲುವ ಆನ್‌ಲೈನ್ ಆಟಗಳು 2025ರ ಕೇಂದ್ರದ ಕಾಯ್ದೆಯ ಪ್ರಕಾರ ನಿಷಿದ್ಧ. ಹಾಗಿದ್ದೂ ಯಾರಾದರೂ ಲಿಂಕ್ ಕಳಿಸಿದರೆ ಅದು ಮೋಸ ಎಂದೇ ತಿಳಿಯಿರಿ.

5. ನಿಮ್ಮ ಮಗುವೂ ಇನ್ನೊಬ್ಬರನ್ನು ನೋಯಿಸಬಹುದು

ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಟೀಚರ್ ಫೋಟೊ ಕತ್ತರಿಸಿ ಸ್ಟಿಕ್ಕರ್ ಮಾಡುವುದು, ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಸೇರಿ ಇನ್ನೊಂದು ಗ್ರೂಪ್ ಕಟ್ಟಿ ಅವಳನ್ನೇ ಆಡಿಕೊಳ್ಳುವುದು, ಸಹಪಾಠಿಯ ಮುಖವನ್ನು ಎಐ ಆ್ಯಪಿಗೆ ಹಾಕಿ ಅಸಹ್ಯ ಚಿತ್ರ ತೆಗೆಯುವುದು. ಮೊದಲ ಎರಡಕ್ಕೆ ಮನೆಯಲ್ಲಿ ಕೂರಿಸಿ ಮಾತಾಡಿದರೆ, ಹೋಗಿ ಕ್ಷಮೆ ಕೇಳಿಸಿದರೆ ಸಾಕಾಗಬಹುದು. ಮೂರನೆಯದು ಅಪರಾಧ. 18 ವರ್ಷದೊಳಗಿನವರ ಅಶ್ಲೀಲ ಚಿತ್ರ ಮಾಡುವುದಕ್ಕೂ ಹಂಚುವುದಕ್ಕೂ ಐಟಿ ಕಾಯ್ದೆಯ 67ಬಿ ಸೆಕ್ಷನ್‌ನಲ್ಲಿ 5 ವರ್ಷದವರೆಗೆ ಜೈಲು ಇದೆ. ಮಾಡಿದವರೂ ಮಕ್ಕಳೇ ಆದರೆ ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ.

ಇನ್ನೊಬ್ಬರ ಫೋಟೊ ಹಾಕುವ ಮುಂಚೆ ಅವರನ್ನು ಕೇಳಬೇಕು ಎಂಬ ನಿಯಮ ನಿಮಗೂ ಇರಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಸ್ಟೇಟಸ್‌ಗೆ ಹಾಕುವ ಮೊದಲು ಮಗಳನ್ನು ಕೇಳಿದಿರಾ? ಹೆಸರು, ರಿಜಿಸ್ಟರ್ ನಂಬರ್, ಹುಟ್ಟಿದ ದಿನಾಂಕ, ಶಾಲೆ ಎಲ್ಲ ಅದರಲ್ಲಿರುತ್ತದೆ.

6. ಏನಾದರೂ ಆಗಿಯೇ ಬಿಟ್ಟರೆ

ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಫೋಟೊ ಇಟ್ಟುಕೊಂಡು ಬೆದರಿಸುತ್ತಿದ್ದರೆ ದುಡ್ಡು ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಬೆದರಿಕೆಯ ಮೆಸೇಜು, ಅವರ ನಂಬರ್, ಅಕೌಂಟ್ ಹೆಸರು, ದುಡ್ಡು ಕೇಳಿದ ಯುಪಿಐ ಐಡಿ ಇವುಗಳ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಬ್ಲಾಕ್ ಮಾಡಿ. ಮಗುವಿನ ಆ ಫೋಟೊವನ್ನು ಮಾತ್ರ ಸಾಕ್ಷಿ ಎಂದು ನೆಂಟರಿಗೋ ಶಾಲೆಯ ಗ್ರೂಪಿಗೋ ಕಳಿಸಬೇಡಿ. ಕಳಿಸಿದರೆ ನೀವೇ ಅದನ್ನು ಹಂಚಿದ ಹಾಗಾಗುತ್ತದೆ.

ದೂರು ಕೊಡಲು ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್ ಇದೆ, ಹತ್ತಿರದ ಠಾಣೆಗೂ ಹೋಗಬಹುದು. ಏನು ಮಾಡಬೇಕು ಎಂದೇ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098, ದಿನದ 24 ಗಂಟೆಯೂ ಇರುತ್ತದೆ. ಮಗುವೇ ಕರೆ ಮಾಡಬಹುದು. ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯೂ ಇದೆ. ಅದಕ್ಕೆ ಫೋಟೊ ಕಳಿಸಬೇಕಿಲ್ಲ. ಫೋಟೊ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮುಂತಾದವು ಆ ಗುರುತು ಹಿಡಿದು ಫೋಟೊ ತೆಗೆದುಹಾಕುತ್ತವೆ. ಮಗು ಮಂಕಾಗಿದ್ದರೆ, ನಿದ್ದೆ ಬಿಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಫೋನ್, ಗೇಮಿನ ಚಟವೇ ಅತಿಯಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಶಟ್ ಕ್ಲಿನಿಕ್ ಇದೆ.

ಠಾಣೆ ಎಂದರೆ ಮನೆಯವರು ಹಿಂಜರಿಯುವುದು ಮರ್ಯಾದೆಗೆ ಅಂಜಿ. ಲೈಂಗಿಕ ಕಿರುಕುಳದ ಪ್ರಕರಣವಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಇದನ್ನು ಯೋಚಿಸಿಯೇ ಇಟ್ಟಿದೆ. ಮಗುವಿನ ಹೆಸರು, ಶಾಲೆ, ಮನೆಯ ಗುರುತು ಪತ್ರಿಕೆಯಲ್ಲಿ ಬರುವಂತಿಲ್ಲ. ಹೇಳಿಕೆಯನ್ನು ಮನೆಯಲ್ಲೋ ಮಗು ಇಷ್ಟಪಡುವ ಜಾಗದಲ್ಲೋ ಪಡೆಯಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು. ಆ ಹೊತ್ತಿಗೆ ಅವರು ಯೂನಿಫಾರ್ಮ್‌ನಲ್ಲಿ ಇರುವಂತಿಲ್ಲ.