ಬೆಳ್ಳಿಯ ಮೇಲೆ ರಾಮನ್ ಸಂಕೇತ ಸ್ಥಿರವಾದದ್ದು ಹೀಗೆ

ಕಾಸರಗೋಡಿನ ಮಳೆಗಾಲದಲ್ಲಿ ಥೈರಮ್ ಶಿಲೀಂಧ್ರನಾಶಕದ ಅಂಶ ಪತ್ತೆಹಚ್ಚಲು ಮಾದರಿ ಬೆರೆಸಿದ ಬೆಳ್ಳಿ ನ್ಯಾನೊಕಣಗಳ (ಅತಿ ಸೂಕ್ಷ್ಮ ಕಣಗಳ) ಹನಿಯನ್ನು ಗಾಜಿನ ಮೇಲೆ ಒಣಗಿಸಿ, ಲೇಸರ್ ಬಿಟ್ಟು ರಾಮನ್ ಸಂಕೇತ ಅಳೆಯುತ್ತಿದ್ದೆ. ರಾಮನ್ ಸಂಕೇತವೆಂದರೆ ಅಣುಗಳಿಗೆ ಬಡಿದು ಬಣ್ಣ ತುಸು ಬದಲಾಗಿ ಚದುರುವ ಬೆಳಕು; ಬೆಳ್ಳಿ ಅದನ್ನು ವರ್ಧಿಸುತ್ತದೆ. ಆ ಬದಲಾವಣೆಯ ಅಳತೆಯಲ್ಲಿ ಪ್ರತಿ ಸೆಂಟಿಮೀಟರಿಗೆ 1380ರ ಆಸುಪಾಸಿನ ಥೈರಮ್‌ನ ಶಿಖರ ಹನಿಯ ಅಂಚಿನಲ್ಲಿ ಎದ್ದು ಕಾಣುತ್ತಿತ್ತು. ನಡುವಿನಲ್ಲಿ ಇಲ್ಲವೇ ಇಲ್ಲ.

ಲೇಸರ್ ಶಕ್ತಿ ಹೆಚ್ಚಿಸಿದರೆ ಮಾದರಿ ಸುಟ್ಟು, 1350 ಮತ್ತು 1580ರ ಬಳಿ ಇಂಗಾಲದ ಅಗಲ ಪಟ್ಟಿಗಳು ಬಂದವು. ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿ ಒಣಗಿಸಿದರೂ ಕಣಗಳು ಅಂಚಿಗೇ ಸರಿದವು.

ಒಣಗಿಸುವುದನ್ನೇ ಬಿಟ್ಟು ದ್ರವದಲ್ಲೇ ಅಳೆದಾಗ ಸರಿಹೋಯಿತು. ಇಲ್ಲಿ ಕ್ರಮವೇ ಮುಖ್ಯ. ಸಿಟ್ರೇಟ್ ವಿಧಾನದ (ಬೆಳ್ಳಿ ಲವಣವನ್ನು ಸಿಟ್ರೇಟ್‌ನಿಂದ ಕಣಗಳಾಗಿಸಿದ) ಬೆಳ್ಳಿ ದ್ರಾವಣ 500 ಮೈಕ್ರೋಲೀಟರ್. ಅದಕ್ಕೆ ಮಾದರಿ 50. ಅಲುಗಾಡಿಸಿ 10 ನಿಮಿಷ ಬಿಡಬೇಕು, ಥೈರಮ್‌ನ ಗಂಧಕ ಬೆಳ್ಳಿಗೆ ಅಂಟಿಕೊಳ್ಳಲಿ. ಆಮೇಲೆ ಮಾತ್ರ 1 ಮೋಲಾರ್ (ಲೀಟರಿಗೆ ಸುಮಾರು 58 ಗ್ರಾಂ) ಅಡುಗೆ ಉಪ್ಪಿನ ದ್ರಾವಣ 5 ಮೈಕ್ರೋಲೀಟರ್. ಕಣಗಳು ಗುಂಪುಗೂಡಿ, ಅವುಗಳ ನಡುವಿನ ಕಿರಿದಾದ ಸಂದಿಗಳಲ್ಲಿ ಸಂಕೇತ ವರ್ಧಿಸುತ್ತದೆ. ಹಳದಿ ಬಣ್ಣ ಬೂದಿಗೆ ತಿರುಗಿದೊಡನೆ 785 ನ್ಯಾನೊಮೀಟರ್ ಲೇಸರಿನಲ್ಲಿ ಅಳೆಯಿರಿ. ಪ್ರತಿ ಸಲವೂ ಉಪ್ಪು ಹಾಕಿದ 2ನೇ ನಿಮಿಷಕ್ಕೆ. ತಡವಾದರೆ ಗುಂಪುಗಳು ತಳಕ್ಕಿಳಿಯುತ್ತವೆ. ಉಪ್ಪು ಮೊದಲು ಬಿದ್ದರೆ ಥೈರಮ್ ಸೇರುವ ಮುನ್ನವೇ ಸಂದಿಗಳು ಮುಚ್ಚಿಹೋಗುತ್ತವೆ.

ಎಲ್ಲಕ್ಕೂ ಬಟ್ಟಿ ಇಳಿಸಿದ ನೀರೇ ಬೇಕು. ಕರಾವಳಿಯ ಬಾವಿನೀರಿನಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ ಇದ್ದರೆ ಬೆಳ್ಳಿ ಮೊದಲೇ ಗುಂಪುಗೂಡುತ್ತದೆ.