ಲಾರಿ ಟೈರ್ ಯಾವಾಗ ಬದಲಿಸಬೇಕು? ಒದ್ದು ನೋಡಬೇಡಿ, ಬಗ್ಗಿ ನೋಡಿ

ಶಹಾಬಾದ್ ಕಲ್ಲು, ಸೇಡಂ ಸಿಮೆಂಟು, ಗಂಜ್ ಮಾರುಕಟ್ಟೆಯ ತೊಗರಿ. ನಮ್ಮ ಕಲಬುರಗಿ ಲಾರಿಗಳು ಹೊರುವುದೆಲ್ಲ ಭಾರದ ಸರಕೇ. ಮೇಲೆ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ಇಷ್ಟಿದ್ದರೂ ನಮ್ಮ ಮಂದಿಯ ಟೈರ್ ಪರೀಕ್ಷೆ ಒಂದೇ: ಹೊರಗಿನ ಟೈರಿಗೆ ಕಾಲಿನಿಂದ ಒಂದು ಒದೆ, "ಇನ್ನಾ ಛಲೋ ಅವರಿ ಸಾವ್ಕಾರ್ರ, ಇನ್ನೊಂದು ಸೀಜನ್ ಹೊಡಿತಾವ" ಅನ್ನುವ ಒಂದು ಮಾತು. ರಿಂಗ್ ರೋಡಿನ ಪಂಚರ್ ಅಂಗಡಿಗಳ ಮುಂದೆ ಇದನ್ನು ನೋಡಿ ನೋಡಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

1. ವಯಸ್ಸು ನೋಡಿ. ಟೈರಿನ ಪಕ್ಕದಲ್ಲಿ ಡಿಒಟಿ (DOT) ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಈ ಕಡೆ ಕಾಣದಿದ್ದರೆ ಆ ಕಡೆ ನೋಡಿ. ಮುಂದಿನ ಗಾಲಿಯಲ್ಲಿ ಐದು ವರ್ಷ ದಾಟಿದ ಟೈರನ್ನು ನಾನು ಇಡುವುದಿಲ್ಲ, ಎಷ್ಟೇ ಹೊಸದಾಗಿ ಕಾಣಲಿ. ಗೋಡೌನಿನಲ್ಲಿ ಸುಮ್ನೆ ಬಿದ್ದಿದ್ದರೂ ರಬ್ಬರ್ ಒಣಗುತ್ತದೆ. ಕರಿ ಪಾಲಿಶ್ ಬಳಿದು ಮಿರಮಿರ ಮಿಂಚುವ ಟೈರ್ ಮಾರಲು ಬಂದರೆ ಮೊದಲು ಬಟ್ಟೆಯಿಂದ ಒರೆಸಿ. ಬಿರುಕು ಮುಚ್ಚುವುದಕ್ಕೇ ಆ ಬಣ್ಣ.

2. ಆಳ ಅಳೆಯಿರಿ. ನಿಯಮದ ಪ್ರಕಾರ ಲಾರಿ ಟೈರಿನ ಗೆರೆಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಅಷ್ಟರವರೆಗೆ ಕಾಯುವುದು ದಡ್ಡತನ. ಮುಂದಿನದು 4 ಮಿ.ಮೀ.ಗೆ ಬಂದರೆ ತೆಗೆಯಿರಿ. ಅಳೆಯುವ ಗೇಜ್ ದುಬಾರಿಯದಲ್ಲ. ನಾಲ್ಕೈದು ಕಡೆ ಅಳೆದು, ಎಲ್ಲಕ್ಕಿಂತ ಕಮ್ಮಿ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಿರಿ.

3. ಎಲ್ಲಿ ಸವೆದಿದೆ ನೋಡಿ. ನಡುವೆ ಸವೆದರೆ ಹವಾ ಜಾಸ್ತಿ, ಎರಡೂ ಅಂಚು ಸವೆದರೆ ಹವಾ ಕಮ್ಮಿ, ಒಂದೇ ಅಂಚು ಸವೆದರೆ ಗಾಲಿ ನೇರವಿಲ್ಲ, ಅಂದರೆ ತಪ್ಪಿದ್ದು ಅಲೈನ್‌ಮೆಂಟ್. ಕಾರಣ ಸರಿಮಾಡದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಹೋಗುತ್ತದೆ.

4. ಒಳಗಿನ ಟೈರ್. ನಿಜವಾದ ಕೆಲಸ ಇರುವುದು ಇಲ್ಲಿ. ಹಿಂದೆ ಪಕ್ಕಪಕ್ಕ ಹಾಕುವ ಜೋಡಿ ಟೈರಿನಲ್ಲಿ ಒಳಗಿನದರ ಹವಾ ಹೋದರೆ ಭಾರವನ್ನೆಲ್ಲ ಹೊರಗಿನದೇ ಹೊರುತ್ತದೆ. ಗಾಡಿ ವಾಲುವುದಿಲ್ಲ, ಡ್ರೈವರಿಗೆ ಗೊತ್ತೂ ಆಗುವುದಿಲ್ಲ. ಒಳಗಿನದು ಮಾತ್ರ ಪ್ರತಿ ಸುತ್ತಿಗೂ ಮಡಚಿ ಮಡಚಿ ಕಾಯುತ್ತದೆ. ರೇಡಿಯಲ್ ಟೈರಿನ ಪಕ್ಕದ ಗೋಡೆಯೊಳಗೆ ಉಕ್ಕಿನ ಎಳೆಗಳಿವೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ತುಂಡಾಗುವುದಿಲ್ಲವೇ, ಹಾಗೆ ಅವು ಒಂದೊಂದೇ ಹರಿಯುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆಮೇಲೆ ಪಂಚರ್ ಹಾಕಿ ಹವಾ ಹೊಡೆಯುವಾಗ ಚೀಲದ ಜಿಪ್ ಹರಿದ ಹಾಗೆ ಗೋಡೆ ಸೀಳಿ ಸಿಡಿಯುತ್ತದೆ. ಎದುರಿಗೆ ಕೂತ ಹುಡುಗನ ಗತಿ ಹೇಳುವುದು ಬೇಡ.

ಅದಕ್ಕೆ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಒಳಗಿನದಕ್ಕೂ ಹವಾ ನೋಡುವ ಗೇಜ್ ಹಚ್ಚಿ. ಸುತ್ತಿಗೆಯಿಂದ ಕುಟ್ಟಿದರೆ ಪೂರ್ತಿ ಕೂತ ಟೈರ್ ಗೊತ್ತಾಗಬಹುದು, ಅರ್ಧ ಹವಾ ಗೊತ್ತಾಗುವುದಿಲ್ಲ. ಹೇಳಿದ ಹವಾದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಕಮ್ಮಿಯಲ್ಲಿ ಓಡಿದ್ದರೆ, ಅಂದರೆ ಗೇಜಿನಲ್ಲಿ 110 ಇರಬೇಕಾದಲ್ಲಿ 88ಕ್ಕಿಂತ ಕೆಳಗೆ, ಅದನ್ನು ಹವಾ ಇಲ್ಲದೆ ಓಡಿದ ಟೈರ್ ಎಂದೇ ತಿಳಿಯಿರಿ. ಬಿಚ್ಚಿಸದೆ ಹವಾ ತುಂಬಿಸಬೇಡಿ.

ನನ್ನ ಗಾಡಿಯದ್ದೇ ಒಂದು ಟೈರ್ ಹೀಗಾಗಿತ್ತು. "ಬರೇ ಪಂಚರ್ ಅದರಿ, ಹತ್ತು ನಿಮಿಷ" ಎಂದ ಅಂಗಡಿ ಹುಡುಗ. ಹಟ ಹಿಡಿದು ಬಿಚ್ಚಿಸಿದೆ. ರಿಮ್ಮಿನಿಂದ ಬೇರೆ ಮಾಡಿ ಎತ್ತಿದಾಗ ಒಳಗಿನಿಂದ ಚಹಾಪುಡಿಯಂಥ ಕರಿ ಪುಡಿ ಸುರಿಯಿತು. ಒಳಮೈಯಲ್ಲಿ ಬೆರಳಾಡಿಸಿದರೆ ಗೋಡೆಯ ಸುತ್ತ ನಿರಿಗೆ. ಪುಡಿ, ನಿರಿಗೆ, ಬಣ್ಣ ಬದಲಾದ ಪಟ್ಟಿ: ಇವುಗಳಲ್ಲಿ ಒಂದು ಕಂಡರೂ ಆ ಟೈರ್ ಮುಗಿಯಿತು. ಹವಾ ಹೊಡೆಯುವಾಗ ಚಟಚಟ ಸದ್ದು ಬಂದರೆ ಹತ್ತಿರ ಹೋಗದೆ, ದೂರದಿಂದಲೇ ಹವಾ ನಿಲ್ಲಿಸಿ. ಹವಾ ತುಂಬಲು ಕಬ್ಬಿಣದ ಪಂಜರ ಇಟ್ಟ ಅಂಗಡಿಗೇ ಹೋಗಿ, ಎರಡು ಕಿಲೋಮೀಟರ್ ದೂರವಾದರೂ ಸರಿ.

ಇಲ್ಲೊಂದು ಮಾತು. ಬಿಸಿಲಿಗೆ ಟೈರ್ ಒಡೆಯುತ್ತದೆ ಎಂದು ಹುಮನಾಬಾದ್ ದಾಟುತ್ತಲೇ ನಿಲ್ಲಿಸಿ ಹವಾ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಓಡಿದ ಟೈರಿನಲ್ಲಿ ಹವಾ ಏರುವುದು ಸಹಜ. ಬಿಟ್ಟರೆ ಟೈರ್ ಇನ್ನೂ ಜಾಸ್ತಿ ಮಡಚುತ್ತದೆ, ಇನ್ನೂ ಜಾಸ್ತಿ ಕಾಯುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಹವಾ ಬೇಕಾದ್ದಕ್ಕಿಂತ ಕೆಳಗೆ ಇಳಿದಿರುತ್ತದೆ.

5. ರಿಟ್ರೆಡ್ ಮಾಡಿಸಬೇಕೋ, ಎಸೆಯಬೇಕೋ? ರಿಟ್ರೆಡ್ ಎಂದರೆ ಸವೆದ ಟೈರಿನ ಮೇಲೆ ಹೊಸ ಗೆರೆಯ ರಬ್ಬರ್ ಕೂರಿಸುವುದು. ಮೈ ಗಟ್ಟಿಯಿದ್ದರೆ ಮಾಡಿಸಿ, ಅದರಲ್ಲಿ ತಪ್ಪಿಲ್ಲ. ಆದರೆ ಪೂರ್ತಿ ನುಣ್ಣಗಾಗುವ ಮುಂಚೆ, 3 ಮಿ.ಮೀ. ಇರುವಾಗಲೇ ಕೊಡಿ. ತಂತಿ ಕಂಡ ಮೇಲೆ ಕೊಟ್ಟರೆ ದುಡ್ಡು ನೀರಿಗೆ ಹಾಕಿದ ಹಾಗೆ. ಪಕ್ಕದಲ್ಲಿ ಗುಳ್ಳೆ ಎದ್ದದ್ದು, ಎಳೆ ಕಾಣುವಷ್ಟು ಕೊಯ್ದದ್ದು ಬೇಡವೇ ಬೇಡ. ರಿಟ್ರೆಡ್ ಟೈರ್ ಹಿಂದೆ ಮಾತ್ರ. ಮುಂದೆ ಹಾಕುವವರ ಗಾಡಿಯಲ್ಲಿ ನಾನು ಕೂರುವುದಿಲ್ಲ. ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಬೇಡಿ. ಎತ್ತರದ್ದು ಭಾರವನ್ನೆಲ್ಲ ಹೊತ್ತು ಬೇಗ ಹಾಳಾಗುತ್ತದೆ.

ತೆಗೆದ ಟೈರ್ ಕೆಟ್ಟದ್ದು ಎಂದು ಖಾತ್ರಿಯಾದರೆ ಗುಜರಿಗೆ ಹಾಕುವ ಮುಂಚೆ ಅದರ ಪಕ್ಕವನ್ನು ನಾನು ಅಲ್ಲೇ ಕೊಯ್ಯಿಸುತ್ತೇನೆ. ಇಲ್ಲದಿದ್ದರೆ ಪಾಲಿಶ್ ಬಳಿದುಕೊಂಡು ಇನ್ನೊಬ್ಬನ ಸ್ಟೆಪ್ನಿಯಾಗುತ್ತದೆ. ಗುಜರಿಯವನು ನೂರಿನ್ನೂರು ಕಮ್ಮಿ ಕೊಡುತ್ತಾನೆ. ಕೊಡಲಿ.