ಸಿರಪ್ ಬ್ರಿಕ್ಸ್ ಏರದಿದ್ದರೆ ನಾನು ಮೊದಲು ನೋಡೋದು ಥರ್ಮಾಮೀಟರ್

ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಬಾಯ್ಲಿಂಗ್ ಹೌಸಿನಲ್ಲಿ ನನ್ನ ಕೆಲಸ. ಸೀಸನ್ ಶುರುವಾಯಿತೆಂದರೆ ಕಬ್ಬಿನ ರಸದ ನೀರನ್ನು ಆವಿ ಮಾಡಿ ಗಟ್ಟಿ ಸಿರಪ್ ಮಾಡುವ ಎವಾಪೊರೇಟರ್ ಪ್ಲಾಟ್‌ಫಾರ್ಮೇ ಮನೆ. ಸಿರಪ್ ತೆಳ್ಳಗಾದರೆ ಅದರಿಂದ ಸಕ್ಕರೆ ಹರಳು ಕಟ್ಟಿಸುವ ಪ್ಯಾನ್ ಕಡೆಯವರ ಬೈಗುಳ, ಸ್ಟೀಮ್ ಜಾಸ್ತಿ ಕೇಳಿದರೆ ಬಾಯ್ಲರ್ ಕಡೆಯವರ ಬೈಗುಳ. ಎರಡನ್ನೂ ತಪ್ಪಿಸಿಕೊಳ್ಳಲು ನಾನು ರೂಢಿಸಿಕೊಂಡ ಒಂದು ಲೆಕ್ಕವನ್ನು ಹೊಸದಾಗಿ ಸೇರುವ ಹುಡುಗರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಸುಣ್ಣ, ಗಂಧಕದ ಹೊಗೆ ಕಂಡು ತಿಳಿಯಾಗಿ ಬಂದ ರಸ ಸುಮಾರು 15 ಬ್ರಿಕ್ಸ್ ಇರುತ್ತದೆ, ಅಂದರೆ ನೂರು ಕೆಜಿ ರಸದಲ್ಲಿ ಕರಗಿದ ಸಕ್ಕರೆ ಮತ್ತಿತರ ಘನ 15 ಕೆಜಿ. ಪ್ಯಾನಿಗೆ ಹೋಗುವಾಗ ಅದು 60 ಆಗಿರಬೇಕು. ಅಂದರೆ 100 ಟನ್ ರಸದಲ್ಲಿ 75 ಟನ್ ನೀರು ಆವಿಯಾಗಿ ಹೋಗಬೇಕು. ಒಂದು ಕೆಜಿ ನೀರನ್ನು ಆವಿ ಮಾಡಲು ಸುಮಾರು 540 ಕಿಲೋಕ್ಯಾಲರಿ ಬೇಕು. ಆಲೆಮನೆಯ ಕೊಪ್ಪರಿಗೆಯಲ್ಲಿ ಈ ಶಾಖವೆಲ್ಲ ಹಬೆಯ ಜೊತೆ ಸೂರಿನಾಚೆ ಹೋಗುತ್ತದೆ. ನಮ್ಮಲ್ಲಿ ಹಾಗೆ ಬಿಡುವುದಿಲ್ಲ. ಎವಾಪೊರೇಟರಿನಲ್ಲಿ ಸಾಲಾಗಿ ನಿಂತ ಪಾತ್ರೆಗಳನ್ನು ಬಾಡಿ ಅನ್ನುತ್ತೇವೆ. ಮೊದಲ ಬಾಡಿಯ ರಸದಿಂದ ಎದ್ದ ಆವಿ ಎರಡನೆಯದರ ಕ್ಯಾಲೆಂಡ್ರಿಯಾಕ್ಕೆ (ರಸದ ಟ್ಯೂಬುಗಳನ್ನು ಸುತ್ತುವರಿದ ಸ್ಟೀಮ್ ಕೋಣೆ) ಹೋಗಿ, ಟ್ಯೂಬಿನ ಹೊರಮೈ ಮೇಲೆ ನೀರಾಗಿ, ತಾನು ಹೊತ್ತು ತಂದ ಶಾಖವನ್ನು ಒಳಗಿನ ರಸಕ್ಕೆ ಕೊಡುತ್ತದೆ. ಮುಂದಿನ ಬಾಡಿಯಲ್ಲಿ ಒತ್ತಡ ಕಡಿಮೆ ಇಟ್ಟಿರುವುದರಿಂದ ಅಲ್ಲಿನ ರಸ ಕಡಿಮೆ ಬಿಸಿಗೇ ಕುದಿಯುತ್ತದೆ. ಎರಡನೆಯದರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಇದೇ ಕತೆ. ನಾಲ್ಕು ಬಾಡಿ ಇದ್ದರೆ 75 ಟನ್ ನೀರು ತೆಗೆಯಲು ಇಪ್ಪತ್ತು ಟನ್ ಆಸುಪಾಸು ಎಗ್ಸಾಸ್ಟ್ (ಟರ್ಬೈನಿನಲ್ಲಿ ಕೆಲಸ ಮುಗಿಸಿ ಬಂದ ಸ್ಟೀಮ್) ಸಾಕು. ಅಮೆರಿಕದ ನಾರ್ಬರ್ಟ್ ರಿಲ್ಯೂ ಇದಕ್ಕೆ 1843ರಲ್ಲೇ ಪೇಟೆಂಟ್ ಪಡೆದಿದ್ದರು. ಇವತ್ತಿಗೂ ಅದಕ್ಕಿಂತ ಜಾಣ ಉಪಾಯ ನಾನಂತೂ ಕಂಡಿಲ್ಲ.

ಇಲ್ಲಿ ಕೆಲಸ ಮಾಡುವುದು ಆವಿಯ ಬಿಸಿಗಿಂತ ಹೆಚ್ಚಾಗಿ ಅದು ನೀರಾಗುವ ಕ್ರಿಯೆ. ಟ್ಯೂಬಿನ ಮೈಗೆ ಆವಿ ತಲುಪದಿದ್ದರೆ ಕ್ಯಾಲೆಂಡ್ರಿಯಾದಲ್ಲಿ ಎಷ್ಟು ಒತ್ತಡ ಇದ್ದರೂ ಪ್ರಯೋಜನವಿಲ್ಲ. ತಲುಪದಂತೆ ಅಡ್ಡ ನಿಲ್ಲುವುದು ಗಾಳಿ. ರಸದಲ್ಲಿ ಕರಗಿದ್ದ ಗಾಳಿ, ಇಂಗಾಲದ ಡೈಆಕ್ಸೈಡ್, ಸ್ವಲ್ಪ ಅಮೋನಿಯಾ ಕುದಿಯುವಾಗ ಹೊರಬಂದು ಮುಂದಿನ ಬಾಡಿಗೆ ಹೋಗುತ್ತವೆ. ವ್ಯಾಕ್ಯೂಮ್ (ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ) ಇರುವ ಬಾಡಿಗಳಲ್ಲಿ ಜಾಯಿಂಟುಗಳಿಂದಲೂ ಗಾಳಿ ನುಗ್ಗುತ್ತದೆ. ಆವಿ ನೀರಾಗಿ ಕೆಳಗಿಳಿದರೂ ಇವು ಅಲ್ಲೇ ಟ್ಯೂಬಿನ ಸುತ್ತ ಉಳಿಯುತ್ತವೆ. ಹಿಂದೆ ಬರುವ ಆವಿ ಆ ಪದರವನ್ನು ನುಸುಳಿಕೊಂಡು ಮುಂದೆ ಹೋಗಬೇಕು. ನಿಂತ ಆವಿಯಲ್ಲಿ ತೂಕದ ಲೆಕ್ಕದಲ್ಲಿ ಅರ್ಧ ಪರ್ಸೆಂಟ್ ಗಾಳಿಯಿದ್ದರೂ ಶಾಖ ದಾಟುವುದು ಅರ್ಧದಷ್ಟಕ್ಕೆ ಇಳಿಯಬಹುದು. ಆವಿ ವೇಗವಾಗಿ ಹರಿಯುತ್ತಿದ್ದರೆ ಗಾಳಿಯನ್ನು ತಳ್ಳಿಕೊಂಡು ಹೋಗುವುದರಿಂದ ನಷ್ಟ ಅಷ್ಟಿರುವುದಿಲ್ಲ. ಆದರೆ ತಳ್ಳಿಕೊಂಡು ಹೋದದ್ದಕ್ಕೆ ಕೊನೆಯಲ್ಲಿ ಒಂದು ದಾರಿ ಬೇಕಲ್ಲ? ಆ ದಾರಿಯೇ ನಾವು ಅಮೋನಿಯಾ ಲೈನ್ ಅನ್ನುವ ಪೈಪು.

ಒಂದು ಸೀಸನ್ನಿನಲ್ಲಿ ಸಿರಪ್ 52-53ರ ಮೇಲೆ ಏರಲೇ ಇಲ್ಲ. ಟ್ಯೂಬ್ ಕ್ಲೀನಿಂಗ್ ಆಗ ತಾನೇ ಆಗಿತ್ತು, ಹಾಗಾಗಿ ಸ್ಕೇಲ್ (ಟ್ಯೂಬಿನೊಳಗೆ ಕಟ್ಟುವ ಗಟ್ಟಿ ಪದರ) ಮೇಲೆ ಅನುಮಾನ ಬರಲಿಲ್ಲ. ಮೇಲಿನವರು ಎಗ್ಸಾಸ್ಟ್ ಒತ್ತಡ ಏರಿಸಿ ಅಂದರು. ಹಳೆಯ ಫಿಟ್ಟರಣ್ಣ ಮಾತ್ರ ಮೂರನೇ ಬಾಡಿ ಹತ್ತಿರ ನಿಂತು, “ಸ್ಟೀಮು ಸಾಲ್ದು ಅಂತಲ್ಲ ಸಾ, ಇದುಕ್ಕೆ ಉಸ್ರು ಕಟ್ಟೈತೆ” ಅಂದ. ಮಾತು ಸರಿಯೋ ಅಲ್ಲವೋ ಅಳೆದೇ ನೋಡೋಣ ಅನ್ನಿಸಿತು.

ಮೂರನೇ ಕ್ಯಾಲೆಂಡ್ರಿಯಾದ ಗೇಜು ಪಾದರಸದ ಲೆಕ್ಕದಲ್ಲಿ 240 ಮಿಮೀ ವ್ಯಾಕ್ಯೂಮ್ ತೋರಿಸುತ್ತಿತ್ತು. ಪುಸ್ತಕ ನೋಡಿದವರು ಇದನ್ನು 760ರಿಂದ ಕಳೆಯುತ್ತಾರೆ. ಮಂಡ್ಯ ಸಮುದ್ರ ಮಟ್ಟದಲ್ಲಿಲ್ಲ. ಸುಮಾರು 680 ಮೀಟರ್ ಎತ್ತರದಲ್ಲಿರುವ ನಮ್ಮೂರಿನ ಗಾಳಿಯ ಒತ್ತಡವೇ 700 ಮಿಮೀ ಆಸುಪಾಸು. (ಇದೇ ಕಾರಣಕ್ಕೆ ನಮ್ಮ ಗೇಜು 700 ದಾಟಿದೆ ಅಂತ ಯಾರಾದರೂ ಹೇಳಿದರೆ ಮೊದಲು ಗೇಜನ್ನೇ ಬದಲಿಸಿ.) 700ರಲ್ಲಿ 240 ಕಳೆದರೆ 460. ಸ್ಟೀಮ್ ಟೇಬಲ್ ಪ್ರಕಾರ ಆ ಒತ್ತಡದಲ್ಲಿ ಬರೀ ಆವಿಯೇ ಇದ್ದರೆ ಉಷ್ಣತೆ 86ರ ಮೇಲೆ ಅರ್ಧ ಡಿಗ್ರಿ ಇರಬೇಕು. ಸ್ಟೀಮ್ ಒಳಬರುವ ಕಡೆಯ ಥರ್ಮಾಮೀಟರ್ 86 ತೋರಿಸಿತು. ಅದರ ಎದುರು ಬದಿಯದು 83. ಆವಿ 83 ಡಿಗ್ರಿಯಲ್ಲಿ ಕೊಡಬಲ್ಲ ಒತ್ತಡ 400 ಮಿಮೀ ಮಾತ್ರ. ಉಳಿದ 60 ಮಿಮೀ ಯಾರದ್ದು? ಗಾಳಿಯದ್ದು. 760 ಹಿಡಿದು ಲೆಕ್ಕ ಹಾಕಿದ್ದರೆ 3 ಡಿಗ್ರಿ ಹೆಚ್ಚುಕಡಿಮೆಯಾಗಿ, ಚೆನ್ನಾಗಿರುವ ಬದಿಯನ್ನೂ ಕೆಟ್ಟಿದೆ ಅಂತ ಬಿಚ್ಚುತ್ತಿದ್ದೆವು.

ಮುಂದಿನ ಕ್ಲೀನಿಂಗಿನಲ್ಲಿ ಆ ಬದಿಯ ಅಮೋನಿಯಾ ಲೈನ್ ಬಿಚ್ಚಿಸಿದೆ. ವಾಲ್ವ್ ತೆರೆದೇ ಇತ್ತು, ಆದರೆ ಪೈಪಿನ ಬಾಯಿ ತುಕ್ಕಿನ ಹೆಕ್ಕಳೆಯಿಂದ ಬೆರಳು ತೂರದಷ್ಟು ಮುಚ್ಚಿತ್ತು. ಅದನ್ನು ಬಿಡಿಸಿ, ಸ್ಟೀಮ್ ಬರುವ ಜಾಗಕ್ಕೆ ಅತಿ ದೂರದಲ್ಲಿ, ತಳದ ಪ್ಲೇಟಿಗೆ ಹತ್ತಿರ ಇನ್ನೊಂದು ವೆಂಟ್ ಹಾಕಿಸಿದೆವು, ಯಾಕೆಂದರೆ ಭಾರದ ಅನಿಲ ಸೇರುವುದು ಅಲ್ಲೇ. ಬಾಡಿ ಮತ್ತೆ ಶುರುವಾದ ಮೇಲೆ ಎರಡೂ ಥರ್ಮಾಮೀಟರ್ ಒಂದು ಡಿಗ್ರಿಯ ಒಳಗೆ ಬಂದವು. ಸಿರಪ್ 60ಕ್ಕೆ ಬಂತು, ಎಗ್ಸಾಸ್ಟ್ ಹೆಚ್ಚಿಸಲೇ ಇಲ್ಲ. ಹಾಗಂತ ವಾಲ್ವನ್ನು ಪೂರ್ತಿ ಬಿಡಬಾರದು, ಗಾಳಿಯ ಜೊತೆ ಒಳ್ಳೆಯ ಆವಿಯೂ ಹೋಗುತ್ತದೆ. ಥರ್ಮಾಮೀಟರ್ ಏರುವುದು ನಿಂತ ಜಾಗದಲ್ಲಿ ವಾಲ್ವನ್ನೂ ನಿಲ್ಲಿಸುತ್ತೇನೆ.

ರಸದ ಬದಿಯಲ್ಲಿ ನಾನು ಹಟ ಹಿಡಿಯುವುದು ಲೆವೆಲ್ ವಿಷಯಕ್ಕೆ. ರಸ ಟ್ಯೂಬಿನ ಮೂರನೇ ಒಂದು ಭಾಗದಷ್ಟಿದ್ದರೆ ಗುಳ್ಳೆಗಳು ಅದನ್ನು ತೆಳುಪದರವಾಗಿ ಮೇಲಕ್ಕೆ ಎಳೆದುಕೊಂಡು ಹೋಗುತ್ತವೆ. ಸೈಟ್ ಗ್ಲಾಸಿನಲ್ಲಿ ನೋಡಿದರೆ ಟ್ಯೂಬ್ ಬಾಯಿಗಳಿಂದ ಚಿಮ್ಮುತ್ತಿರಬೇಕು, ತುಂಬಿ ನಿಂತಿರಬಾರದು. ಕೊನೆಯ ಬಾಡಿಯಲ್ಲಿ 600 ಮಿಮೀ ವ್ಯಾಕ್ಯೂಮ್ ಇದ್ದಾಗ ನೀರು ಕುದಿಯುವುದು 52 ಡಿಗ್ರಿಗೆ, ಸಿರಪ್ ಆದ್ದರಿಂದ ಇನ್ನೊಂದು 3 ಡಿಗ್ರಿ ಸೇರಿಸಿಕೊಳ್ಳಿ. ಒಂದು ಮೀಟರ್ ಸಿರಪ್ ಸುಮ್ಮನೆ ತುಂಬಿ ನಿಂತರೆ ಅದರ ಭಾರಕ್ಕೇ ತಳದ ಒತ್ತಡ ಹೆಚ್ಚುಕಡಿಮೆ ದುಪ್ಪಟ್ಟಾಗಿ, ಅಲ್ಲಿ ನೀರು ಕುದಿಯಲು 65 ಡಿಗ್ರಿ ಬೇಕು. ಆವಿಗೂ ರಸಕ್ಕೂ ನಡುವೆ ಕಷ್ಟಪಟ್ಟು ಗಳಿಸಿದ ಉಷ್ಣತೆಯ ಅಂತರವೆಲ್ಲ ತಳದಲ್ಲೇ ಕರಗಿಹೋಯಿತು. ಲೆವೆಲ್ ತೀರಾ ಕಡಿಮೆಯಾದರೂ ಕಷ್ಟ, ಟ್ಯೂಬಿನ ಮೇಲ್ಭಾಗ ಒಣಗಿ ಸಕ್ಕರೆ ಸೀದು ಹಿಡಿಯುತ್ತದೆ.

ಕೊನೆಯ ಬಾಡಿಯ ಆವಿಗೆ ತಣ್ಣೀರು (ಇಂಜೆಕ್ಷನ್ ನೀರು) ಬಿಟ್ಟು ನೀರಾಗಿಸಿ ವ್ಯಾಕ್ಯೂಮ್ ಹುಟ್ಟಿಸುವ ಕಂಡೆನ್ಸರ್ ಬಗ್ಗೆ ಒಂದೆರಡು ಮಾತು ಸಾಕು. ಅಲ್ಲಿ ಒಂದು ಕೆಜಿ ಆವಿಯನ್ನು ನೀರಾಗಿಸಲು, ಇಂಜೆಕ್ಷನ್ ನೀರು 12 ಡಿಗ್ರಿ ಬಿಸಿಯಾಗಬಹುದು ಅಂತಿಟ್ಟುಕೊಂಡರೆ, 47-48 ಕೆಜಿ ನೀರು ಬೇಕು. ಆ ನೀರು ಮತ್ತೆ ತಣಿಯುವುದು ಸ್ಪ್ರೇ ಪಾಂಡಿನಲ್ಲಿ, ತನ್ನದೇ ಒಂದಿಷ್ಟು ಭಾಗ ಗಾಳಿಗೆ ಆವಿಯಾಗಿ ಹೋಗುವುದರಿಂದ. ನಮ್ಮ ಕಡೆ ಕ್ರಷಿಂಗ್ ಮಳೆಗಾಲದಲ್ಲೂ ನಡೆಯುತ್ತದೆ. ತೇವ ತುಂಬಿದ ಗಾಳಿ ಇನ್ನಷ್ಟು ಆವಿಯನ್ನು ತೆಗೆದುಕೊಳ್ಳುವುದಿಲ್ಲ. ಬಿಸಿಲಿಲ್ಲದ ದಿನವೂ ವ್ಯಾಕ್ಯೂಮ್ ಇಳಿಯಿತು ಅಂತ ಪಂಪಿನವನನ್ನು ಬೈಯುವ ಮೊದಲು ವೆಟ್ ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್) ನೋಡಿ.

ವ್ಯಾಕ್ಯೂಮ್ ಹಠಾತ್ತನೆ ಏರಿದರೂ ಎಚ್ಚರ ಬೇಕು. ಆವಿಯ ವೇಗ ಹೆಚ್ಚಿ ರಸದ ಹನಿಗಳನ್ನೇ ಹೊತ್ತೊಯ್ಯುತ್ತದೆ. ಅದಕ್ಕೇ ಬಾಯ್ಲರಿಗೆ ವಾಪಸ್ ಹೋಗುವ ಕಂಡೆನ್ಸೇಟನ್ನು (ಆವಿ ತಣಿದು ಆದ ನೀರು) ಆಲ್ಫಾ ನ್ಯಾಫ್ಥಾಲ್ ಹಾಕಿ ನೋಡುತ್ತಲೇ ಇರಬೇಕು. ಟೆಸ್ಟ್ ಟ್ಯೂಬಿನ ಗೋಡೆಗುಂಟ ಸಲ್ಫ್ಯೂರಿಕ್ ಆಸಿಡ್ ನಿಧಾನವಾಗಿ ಬಿಟ್ಟಾಗ ನೇರಳೆ ಉಂಗುರ ಕಂಡರೆ ಸಕ್ಕರೆ ಬಂದಿದೆ ಅಂತ ಅರ್ಥ, ಆ ನೀರನ್ನು ಕೂಡಲೇ ಬಾಯ್ಲರ್ ಫೀಡಿನಿಂದ ತಪ್ಪಿಸಬೇಕು.

ನಮ್ಮ ಲಾಗ್ ಪುಸ್ತಕದಲ್ಲಿ ಮೊದಲು ಗೇಜಿನ ಒತ್ತಡ ಮಾತ್ರ ಬರೆಯುತ್ತಿದ್ದರು. ಈಗ ಪ್ರತಿ ಕ್ಯಾಲೆಂಡ್ರಿಯಾಕ್ಕೂ ಒತ್ತಡ, ಟೇಬಲ್ಲಿನ ಉಷ್ಣತೆ, ಎದುರು ಬದಿಯ ಥರ್ಮಾಮೀಟರ್ ಮೂರನ್ನೂ ಬರೆಸುತ್ತೇನೆ. ಕೊನೆಯ ಎರಡರ ನಡುವೆ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಶಿಫ್ಟಿನವರು ಬಾಯ್ಲರ್ ಕಡೆ ಫೋನ್ ಮಾಡುವ ಮುಂಚೆ ಅಮೋನಿಯಾ ವಾಲ್ವ್ ನೋಡಿಕೊಂಡು ಬರುತ್ತಾರೆ.